ಮಗಳನ್ನು ತೋರಿಸಲು ಹೋದಾಗ

“ಮಗೂನ ಬೆಂಚಿನ ಮೇಲೆ ಕೂರಿಸಿ. ಮೊದಲು ನಿಮ್ಮನ್ನ ನೋಡ್ತೀನಿ.”

ನರಸಿಂಹರಾಜಪುರದ ಉಚಿತ ಶಿಬಿರದಲ್ಲಿ ಫಿಸಿಯೋಥೆರಪಿಸ್ಟ್ ಹೀಗೆಂದಾಗ ನಾನು ತಬ್ಬಿಬ್ಬಾದೆ. ನಾನು ಹೋಗಿದ್ದು ನಡೆಯಲಾಗದ ಆರು ವರ್ಷದ ಮಗಳನ್ನು ತೋರಿಸಲು.

“ನಂಗೆ ಎಂತದೂ ಆಗಿಲ್ಲ ಮೇಡಂ, ಕೂಸಿನ ಕಾಲು ನೋಡಿ” ಎಂದೆ.

“ನೀವು ವಾಲಿಕೊಂಡೇ ಒಳಗೆ ಬಂದ್ರಲ್ಲ, ಸೊಂಟ ನೋಯಲ್ವಾ?”

ನನಗೆ ಅಳು ಬಂತು. ಮಗಳನ್ನು ಸದಾ ಎಡಸೊಂಟದ ಮೇಲೆ ಹೊತ್ತೇ ಶಾಲೆಗೆ ಬಿಡುತ್ತಿದ್ದೆ. ನೋವು ಹೆಚ್ಚಾಗಿ, ಅವಳನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ಶುರುವಾಗಿತ್ತು.

ಒಂದು ಬದಿಯ ಸ್ನಾಯು ಬಿಗಿದು ಇನ್ನೊಂದು ಬದಿಯದು ಸೊರಗಿದೆ ಎಂದು ಅವರು ಕೈಯಿಟ್ಟು ತೋರಿಸಿದರು. ಅಲ್ಲೇ ಚಾಪೆ ಹಾಸಿ, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದನ್ನೂ, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದನ್ನೂ ಕಲಿಸಿದರು. ಮಗಳನ್ನು ಇನ್ನು ಬೆನ್ನಿಗೆ ಹೊರಿ ಎಂದರು. ಆಮೇಲೆ ಅವಳ ಕಾಲಿಗೂ ವ್ಯಾಯಾಮ ಹೇಳಿಕೊಟ್ಟರು.

ಕೊಪ್ಪದ ನಮ್ಮ ಮನೆಯಲ್ಲಿ ತಾಯಿ ಮಗಳು ದಿನಾ ಬೆಳಿಗ್ಗೆ ಒಟ್ಟಿಗೇ ವ್ಯಾಯಾಮ ಮಾಡತೊಡಗಿದೆವು. ಅವಳಿಗೆ ಅದೊಂದು ಆಟ. ನನ್ನ ಕಾಲು ನಡುಗಿದರೆ ಕೇಕೆ ಹಾಕಿ ನಗುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ನೋವು ಬಹುಪಾಲು ಇಳಿದಿತ್ತು. ಮಗಳಿಗೆ ನಡೆಯಲು ಬರಲಿಲ್ಲ, ಆದರೆ ಶಾಲೆ ತಪ್ಪಲಿಲ್ಲ. ಈಗ ಏಳನೇ ಕ್ಲಾಸಿನಲ್ಲಿದ್ದಾಳೆ, ಕೈಯಿಂದ ತಿರುಗಿಸುವ ಮೂರುಗಾಲಿಯ ಸೈಕಲ್ಲಿನಲ್ಲಿ ತಾನೇ ಹೋಗುತ್ತಾಳೆ.

ಮಗಳನ್ನು ನೋಡಿ ಮರುಗಿದವರು ಎಷ್ಟೋ ಜನ. ಅವಳನ್ನು ಹೊತ್ತವಳ ಕಡೆ ನೋಡಿದವರು ಅವರೊಬ್ಬರೇ. ಹೆಸರು ಕೇಳಬೇಕೆಂದು ಆ ದಿನ ನನಗೆ ತೋಚಲಿಲ್ಲ. ಎಲ್ಲಿದ್ದರೂ ಅವರು ಚೆನ್ನಾಗಿರಲಿ.