ಮೊದಲನೇ ಬೆಂಚಿನ ಮಾಸ್ತರು

ಮೊನ್ನೆ ಹೊಸಪೇಟೆಯ ಕಣ್ಣಿನ ಆಸ್ಪತ್ರೆಯಲ್ಲಿ ಕುಳಿತಿದ್ದೆ. ಹನಿ ಹಾಕಿ, ಕಣ್ಣು ಮುಚ್ಚಿಕೊಂಡು ಒಂದು ತಾಸು ಕೂಡಬೇಕೆಂದು ಹೇಳಿಹೋಗಿದ್ದರು. ಪಕ್ಕದಲ್ಲಿ ಯಾರೋ ಡಬ್ಬಿ ತೆರೆದ ಸದ್ದಾಯಿತು, ಹಿಂದೆಯೇ ನಶ್ಯದ ಘಾಟು ಬಂತು. ಈಗ ನಶ್ಯ ಏರಿಸುವವರೇ ಇಲ್ಲವೆಂದುಕೊಂಡಿದ್ದೆ. ಕಣ್ಣು ಮುಚ್ಚಿದ್ದರಿಂದ, ಪಕ್ಕದಲ್ಲಿರುವುದು ಸದಾ ನಶ್ಯ ಏರಿಸುತ್ತಿದ್ದ ನಮ್ಮ ಶಾಲೆಯ ಲೆಕ್ಕದ ಮಾಸ್ತರೇ ಎಂದು ಒಂದು ಗಳಿಗೆ ಅನಿಸಿಬಿಟ್ಟಿತು. ಅವರು ಇದ್ದಿದ್ದರೆ ನೂರು ದಾಟಿ ಎಷ್ಟೋ ವರ್ಷವಾಗುತ್ತಿತ್ತು…

ಮದರಾಸು ಸರಕಾರ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ ಕಾಲವದು. ಕಂಪ್ಲಿಯ ನಮ್ಮ ಶಾಲೆಗೂ ಅದು ಬಂತು. ಹಿಂದಿಗೆಂದು ಬೇರೆ ಮಾಸ್ತರನ್ನು ಇಟ್ಟುಕೊಳ್ಳಲು ಶಾಲೆಯ ಕಮಿಟಿಯವರು ಒಪ್ಪಲಿಲ್ಲ. ಇದ್ದವರಲ್ಲೇ ಒಬ್ಬರು ಹಿಂದಿಯ ಮೊದಲ ಪರೀಕ್ಷೆ ಪಾಸು ಮಾಡಿ ಕಲಿಸಬೇಕು ಎಂದರು. ಲೆಕ್ಕ ಹೇಳಿಕೊಡಲು ಆಗಲೇ ಒಬ್ಬ ಹೊಸ ಹುಡುಗ ಬಂದಿದ್ದ. ಹಾಗಾಗಿ ಆ ಒಬ್ಬರು ಲೆಕ್ಕದ ಮಾಸ್ತರೇ ಆದರು. ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮಪ್ಪನೂ ಆ ಕಮಿಟಿಯಲ್ಲಿದ್ದರು.

ಮಾಸ್ತರಿಗೆ ಆಗ ಐವತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಸಂಡೂರಿಗೆ ಕೊಟ್ಟಿದ್ದರು. ಮೂವತ್ತು ವರ್ಷ ಮಗ್ಗಿ ಹೇಳಿಸಿ ಹೇಳಿಸಿ ಅವರ ದನಿಯೇ ಸವೆದುಹೋಗಿತ್ತು. ಹಿಂದಿ ಯಾಕೆ ಬೇಕು ಎಂದು ಅವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ನನ್ನೊಡನೆ ಒಂದೇ ಸಲ ಅಂದಿದ್ದರು: “ಅಳಿಯನ ಮನ್ಯಾಗ ಕುಂತು ಉಣ್ಣೋ ಹಂಗ ಆಗಬಾರ್ದು ತಂಗಿ. ಅಷ್ಟ.”

ವಾರಕ್ಕೆರಡು ಸಂಜೆ, ಶಾಲೆ ಬಿಟ್ಟ ಮೇಲೆ, ಹೊಸಪೇಟೆಯಿಂದ ಖಾದಿ ತೊಟ್ಟ ಹಿಂದಿ ಪ್ರಚಾರದ ತರುಣನೊಬ್ಬ ಬಂದು, ಮಾಸ್ತರಿಗೂ ಅದೇ ಪರೀಕ್ಷೆಗೆ ಕಟ್ಟಿದ್ದ ನಮ್ಮಂಥ ಮಕ್ಕಳಿಗೂ ಒಟ್ಟಿಗೇ ಹೇಳಿಕೊಡುತ್ತಿದ್ದ. ತರಗತಿಗೆಲ್ಲ ನಾನೊಬ್ಬಳೇ ಹುಡುಗಿ. ನನ್ನ ಬೆಂಚಿನಲ್ಲಿ ಯಾವ ಹುಡುಗನೂ ಕೂಡುವಂತಿರಲಿಲ್ಲ, ನನ್ನನ್ನು ಅವರ ಬೆಂಚಿಗೆ ಸೇರಿಸುವ ಮಾತೇ ಇಲ್ಲ. ಹೀಗಾಗಿ ಹುಡುಗರ ಬೆಂಚುಗಳೆಲ್ಲ ತುಂಬಿ ಮಾಸ್ತರಿಗೆ ಉಳಿದ ಜಾಗವೆಂದರೆ ಮೊದಲನೇ ಬೆಂಚಿನಲ್ಲಿ ನನ್ನ ಪಕ್ಕದ್ದು. ಧೋತರದ ತುದಿಯಿಂದ ಬೆಂಚಿನ ಧೂಳು ಹೊಡೆದು, ಒಂದು ಮೊಳ ದೂರ ಬಿಟ್ಟು ಕೂಡುತ್ತಿದ್ದರು. ಹಿಂದಿನ ಹುಡುಗರು “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂದು ಪಿಸುಗುಟ್ಟಿದರೆ ಕೇಳಿಸದವರಂತೆ ಇರುತ್ತಿದ್ದರು. ಬೆಳಿಗ್ಗೆ ಅದೇ ಹುಡುಗರ ಕಿವಿ ಹಿಂಡಿದ್ದವರು ಅವರು!

ದಿನವೆಲ್ಲ ನಿಂತು ಪಾಠ ಹೇಳಿದ ಮನುಷ್ಯ, ಕುಳಿತ ಕೂಡಲೇ ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಲು ಆ ತರುಣನಿಗೆ ಸಂಕೋಚ. ನಾನು ಪಾಟಿಯನ್ನು ಬೆಂಚಿನ ಮೇಲೆ ಸದ್ದಾಗುವಂತೆ ಇಡುತ್ತಿದ್ದೆ. ಬೆಚ್ಚಿ ಎದ್ದು, ಎಲ್ಲರಿಗಿಂತ ಜೋರಾಗಿ ಪಾಠ ಓದುತ್ತಿದ್ದರು. ನನಗೆ ನಗು ಬರುತ್ತಿತ್ತು. ಈಗ ನೆನೆದರೆ ನಗು ಬರುವುದಿಲ್ಲ.

ರಜೆಯ ದಿನ ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ನಾನೇ ಅವರಿಗೆ ಪಾಠ ಹೇಳುತ್ತಿದ್ದೆ. ಹೊಳೆದಂಡೆಯ ಗಾಡಿಯವರೊಡನೆ ಅವರು ಸರಾಗವಾಗಿ ತುರುಕ ಮಾತು, ಅಂದರೆ ಬಜಾರಿನ ಉರ್ದು, ಆಡುತ್ತಿದ್ದರು, ಆದರೆ ಪುಸ್ತಕದ ಹಿಂದಿಗೂ ಅದಕ್ಕೂ ತಾಳೆಯಾಗುತ್ತಿರಲಿಲ್ಲ. ರಜೆ ಬೇಡುವ ಪತ್ರವಂತೂ ಅವರ ತಲೆಗೆ ಹತ್ತುತ್ತಲೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ರಜೆ ಬೇಡಿದವನಲ್ಲ, ಈಗ ಹಿಂದಿಯಲ್ಲಿ ಬೇಡು ಅಂದರೆ ಹೇಗೆ ಎನ್ನುತ್ತಿದ್ದರು. ಆ ಪತ್ರವನ್ನು ಅವರಿಂದ ನಾನು ಎಷ್ಟು ಸಲ ಬರೆಸಿದೆನೋ ಲೆಕ್ಕವಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು. ಮಸಿಯ ಲೆಕ್ಕಣಿಕೆ ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದರು. ಮಾಸ್ತರಿಗೇ ಮಾಸ್ತರಾದೆನೆಂಬ ಸೊಕ್ಕು ನನಗೆ ಚೆನ್ನಾಗಿಯೇ ಏರಿತ್ತು.

ಪರೀಕ್ಷೆ ಹೊಸಪೇಟೆಯಲ್ಲಿ. ಕಂಪ್ಲಿಯಿಂದ ಬೆಳಗಿನ ಬಸ್ಸಿಗೆ ಹೋದೆವು. ಮಾಸ್ತರು ಒಗೆದ ಕೋಟು ತೊಟ್ಟಿದ್ದರು. ಅಲ್ಲಿಯೂ ನನ್ನನ್ನು ಎಲ್ಲಿ ಕೂಡಿಸುವುದೆಂಬ ಚಿಂತೆ. ಪರೀಕ್ಷೆ ಕಾಯಲು ಬಂದವನು ಹೊಸಬ, ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನು ಅತ್ತಿತ್ತ ನೋಡಿ ಮಾಸ್ತರನ್ನೇ ನನ್ನ ಪಕ್ಕ ಕೂಡಿಸಿದ.

ಪ್ರಶ್ನೆಪತ್ರಿಕೆಯಲ್ಲಿ ರಜೆಯ ಪತ್ರ ಇತ್ತು! ನಾನು ಬರೆದು ಮುಗಿಸಿ ಪಕ್ಕಕ್ಕೆ ನೋಡಿದೆ. ಮಾಸ್ತರ ಲೆಕ್ಕಣಿಕೆ ಕೆಳಗಿತ್ತು, ಕನ್ನಡಕವೂ ಕೆಳಗಿತ್ತು, ಕಣ್ಣು ಮುಚ್ಚಿದ್ದರು. ಮುಂದಿದ್ದ ಹಾಳೆ ಖಾಲಿ. ಮರೆತರು ಎಂದುಕೊಂಡೆ. ನನ್ನ ಹಾಳೆಯನ್ನು ಮೆಲ್ಲಗೆ ಅವರ ಕಡೆ ಸರಿಸಿದೆ, ಅರ್ಧ ಅವರ ಮುಂದೆ ಹೋಗುವಷ್ಟು.

ಮಾಸ್ತರು ಕಣ್ಣು ತೆರೆದರು. ಕನ್ನಡಕವಿಲ್ಲದ ಕಣ್ಣಿಗೆ ಕಂಡದ್ದು ಹಾಳೆ ಸರಿಯುವುದಷ್ಟೇ ಇರಬೇಕು. ಮೂವತ್ತು ವರ್ಷ ಪರೀಕ್ಷೆ ಕಾದ ಮೈ ತಾನಾಗಿಯೇ ಎದ್ದು ನಿಂತಿತು.

“ಯಾರಲೇ ಅದು ಪೇಪರ್ ತೋರ್ಸೋದು?”

ನಮ್ಮ ಶಾಲೆಯ ಹುಡುಗರೆಲ್ಲ ರೂಢಿಯಂತೆ ತಲೆ ತಗ್ಗಿಸಿಬಿಟ್ಟರು. ಕಾಯುವವನು ಓಡಿಬಂದು ಯಾರು ಎಂದು ಕೇಳಿದ. ಆಗ ಮಾಸ್ತರು ಕನ್ನಡಕ ಏರಿಸಿ ಮೊದಲು ಹಾಳೆಯನ್ನು, ಆಮೇಲೆ ನನ್ನನ್ನು ನೋಡಿದರು. ಇವತ್ತು ತಾವು ಪರೀಕ್ಷೆ ಕಾಯಲು ಬಂದವರಲ್ಲ ಎಂಬುದು ಅವರಿಗೆ ಹೊಳೆದದ್ದನ್ನು ನಾನು ಅವರ ಮುಖದಲ್ಲೇ ಕಂಡೆ. ತೋರಿಸಿದವರು, ನೋಡಿದವರು ಇಬ್ಬರೂ ಹೊರಗೆ, ಅದು ನಿಯಮ. ನಮಗೆ ಅದನ್ನು ಸಾವಿರ ಸಲ ಹೇಳಿದವರೇ ಅವರು.

“ಆಕಿದೇನೂ ಇಲ್ರಿ,” ಎಂದರು. “ಆಕಿಗೆ ಗೊತ್ತಾಗದಂಗ ನಾನ ಈ ಕಡೆ ಎಳ್ಕೊಂಡೆ.”

“ಮತ್ತ ನೀವ ಯಾಕ ಕೂಗಿದ್ರಿ?”

“ರೂಢಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರು ತಮ್ಮ ಹಾಳೆಗಳನ್ನು ಒಟ್ಟುಮಾಡಿ ಅವನ ಕೈಗೆ ಕೊಟ್ಟರು. ಕೊಡುವಾಗ ನಾನು ನೋಡಿದೆ: ಖಾಲಿ ಹಾಳೆಯ ಕೆಳಗಿನದರಲ್ಲಿ ರಜೆಯ ಪತ್ರ ಪೂರ್ತಿ ಬರೆದಿತ್ತು, ಕೆಳಗೆ ಸಹಿ ಸಮೇತ. ಅವರು ಮರೆತಿರಲಿಲ್ಲ, ಕೈಗೆ ದಣಿವಾರಿಸುತ್ತಿದ್ದರು. ನಾನು ಏಳಬೇಕಿತ್ತು, ಬಾಯಿ ಬಿಡಬೇಕಿತ್ತು. ತಲೆ ತಗ್ಗಿಸಿ ಉಳಿದ ಪ್ರಶ್ನೆಗೆ ಉತ್ತರ ಬರೆದೆ.

ಸಂಜೆಯ ಬಸ್ಸು ಕಮಲಾಪುರ ದಾಟಿತು. ಆಮೇಲೆ, “ಪೂರಾ ಬರದೇನವಾ?” ಎಂದರು. ಹೂಂ ಎಂದೆ. “ಚಲೋ ಆತು” ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಅಷ್ಟು ದಣಿದ ಮುಖವನ್ನು ನಾನು ಮತ್ತೆ ಕಂಡಿಲ್ಲ…

ಹುಡುಗರು ಸುಮ್ಮನಿರುತ್ತಾರೆಯೇ. ಮಾಸ್ತರು ಹುಡುಗಿಯ ಪೇಪರು ನೋಡಿ ಸಿಕ್ಕಿಬಿದ್ದರಂತೆ ಎಂದು ಎರಡೇ ದಿನದಲ್ಲಿ ಊರು ತುಂಬಿತು. ಕಮಿಟಿ ಸೇರಿ ಅವರನ್ನು ಬಿಡಿಸಿತು. ಅದನ್ನು ನಮ್ಮಪ್ಪ ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳುತ್ತಿದ್ದರು, ನಾನು ಅಲ್ಲೇ ನೀರು ಬಡಿಸುತ್ತಿದ್ದೆ. ಒಂದು ಮಾತು ಸಾಕಾಗಿತ್ತು. ಅಪ್ಪನಿಗೆ ಹೆದರಿದೆನೋ, ಪಾಸಾಗುವುದು ತಪ್ಪೀತೆಂದು ಹೆದರಿದೆನೋ, ಈಗ ಏನು ಹೇಳಿದರೂ ನೆಪವೇ. ನಾನು ಮೊದಲ ದರ್ಜೆಯಲ್ಲಿ ಪಾಸಾದೆ. ಅಪ್ಪ ಮನೆಮನೆಗೆ ಪೇಡೆ ಹಂಚಿಸಿದರು. ಮಾಸ್ತರು ಅಷ್ಟರಲ್ಲಿ ಸಂಡೂರಿನ ಅಳಿಯನ ಮನೆ ಸೇರಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸರಕಾರ ಹಿಂದಿಯ ಕಡ್ಡಾಯವನ್ನೇ ತೆಗೆದುಹಾಕಿತು.

ಆ ಮೊದಲ ಪರೀಕ್ಷೆಯ ಮೇಲೆ ಇನ್ನೂ ನಾಲ್ಕು ಕಟ್ಟಿ ನಾನು ಹಿಂದಿ ಟೀಚರಾದೆ. ಟಿ.ಬಿ. ಡ್ಯಾಮಿನ ಶಾಲೆಯಲ್ಲಿ ಬದುಕೆಲ್ಲ ಕಲಿಸಿದೆ. ಸಂಡೂರು ಅಲ್ಲಿಂದ ಎಷ್ಟು ದೂರ? ಮಾಸ್ತರು ಬದುಕಿರುವವರೆಗೂ ಹೋಗಲಿಲ್ಲ. ನಾಳೆ, ಬರುವ ರಜೆಗೆ ಎನ್ನುತ್ತಲೇ ಇದ್ದೆ. ಆಮೇಲೆ ಸುದ್ದಿ ಬಂತು.

ಅದಾಗಿ ಬಹಳ ವರ್ಷಕ್ಕೆ ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಅವಳಿಗೂ ತಲೆ ನೆರೆತಿತ್ತು. ಚಹಾ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: “ನೀವ ಬಾಜೂಕ ಕುಂತಿದ್ರಂತ. ಖರೇನ ನಮ್ಮಪ್ಪ ಕಾಪಿ ಹೊಡದಿದ್ದನೇನ್ರಿ? ನಮ್ಮ ಮನಿಯವ್ರು ಅಪ್ಪ ಸಾಯೋತನಕ ಅವಗ ಅದನ್ನ ಆಡಿ ಚುಚ್ಚಿದ್ರು. ಆಂವ ಒಂದ ದಿನಾನೂ ಅಲ್ಲ ಅನ್ಲಿಲ್ಲ.”

ಅವಳ ಮುಖ ನೋಡಲಾಗಲಿಲ್ಲ. ಬಹಳ ವರ್ಷವಾಯಿತು, ಸರಿಯಾಗಿ ನೆನಪಿಲ್ಲ ಎಂದೆ. ಅವಳು ತಲೆ ಆಡಿಸಿ, ಚಪ್ಪಲಿ ಮೆಟ್ಟಿ ಹೋದಳು.

ಹೋದ ವರ್ಷ ಅವಳೂ ತೀರಿಕೊಂಡಳು. ಈಗ ಕೇಳುವವರು ಯಾರೂ ಇಲ್ಲ, ನನಗೂ ಸುಮ್ಮನಿದ್ದು ಸಾಕಾಗಿದೆ. ಮಾಸ್ತರು ಕಾಪಿ ಹೊಡೆದಿರಲಿಲ್ಲವ್ವ. ಹಾಳೆ ಸರಿಸಿದವಳು ನಾನು.