ಖಂಡೇ ಪೂಜೆಯ ದಿನ ಆರಿಸಿದ ಸ್ವಿಚ್

ದೋಣಿಯ ಆ ಬ್ಯಾಟರಿ ತುಂಬಿರಲಿಲ್ಲ, ಶಿವೂ. ನೀನು ವೈರು ಸಡಿಲಾಗಿ ಕಟ್ಟಿರಲಿಲ್ಲ, ದೀಪ ಉರಿಯಲು ಬಿಟ್ಟಿರಲಿಲ್ಲ, ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಚಾರ್ಜರಿನ ಸ್ವಿಚ್ ಆರಿಸಿದವಳು ನಾನು — ನಿನ್ನ ಅಕ್ಕ. ಆರಿಸಿದ ಮೇಲೆ, ತುಂಬಿದೆ ಎಂದು ನಿನ್ನ ಮುಖ ನೋಡಿ ಸುಳ್ಳು ಹೇಳಿದವಳೂ ನಾನೇ. ಇಷ್ಟು ವರ್ಷ ನಿನ್ನ ತಾಟಿಗೆ ರೊಟ್ಟಿ ಹಾಕುತ್ತ ಬಂದೆ, ಇದೊಂದನ್ನು ಹೇಳಲಿಲ್ಲ.

ಎಪ್ಪತ್ತರ ದಶಕದ ಆರಂಭವದು. ಜೋಗೇಶ್ವರಿಯ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಮುಂದಿನ ಅರ್ಧದಲ್ಲಿ ನನ್ನ ಗಂಡನ ಬ್ಯಾಟರಿ ಚಾರ್ಜಿಂಗ್ ಅಂಗಡಿ, ಹಿಂದಿನ ಅರ್ಧದಲ್ಲಿ ಸಂಸಾರ. ಟ್ಯಾಕ್ಸಿಯವರು, ಲಾರಿಯವರು ಬ್ಯಾಟರಿ ಇಟ್ಟು ಹೋಗುತ್ತಿದ್ದರು. ಆಸಿಡ್ ಹನಿ ಸಿಡಿದು ನನ್ನ ಸೀರೆಗಳೆಲ್ಲ ತೂತು. ನೀನು ವರ್ಸೋವಾದಲ್ಲಿ ಒಬ್ಬ ಸೇಠನ ಸಣ್ಣ ಮೋಟಾರು ದೋಣಿ ಓಡಿಸುತ್ತಿದ್ದೆ. ಗೋಕಾಕದ ಕಡೆಯ ಹುಡುಗ, ಹೊಂಡ ಬಿಟ್ಟರೆ ನೀರು ಕಾಣದವನು, ಸಮುದ್ರದ ಮೇಲೆ ದೋಣಿ ಹಾರಿಸುತ್ತಾನೆ ಅಂತ ನಾನು ಚಾಳಿನ ತುಂಬ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ದೀಪಾವಳಿಗೆ ನೌಕರಿ ಕಾಯಂ ಮಾಡುತ್ತೇನೆ ಎಂದು ಸೇಠ ಮಾತು ಕೊಟ್ಟಿದ್ದ. ನೀನು ಮೆಚ್ಚಿದ್ದ ಕುರ್ಲಾದ ಕಸ್ತೂರಿಯ ಅಪ್ಪನದು ಅದೊಂದೇ ಹಟ — ಕಾಯಂ ಆಗಲಿ, ಮರುದಿನವೇ ಮದುವೆ.

ಮಳೆಗಾಲ ಮುಗಿದ ಮೇಲೆ ದೋಣಿಯ ಹಳೆಯ ಬ್ಯಾಟರಿ ಸತ್ತಿತ್ತು. ಹೊಸದನ್ನು ನೀನೇ ಆರಿಸಿ ತಂದೆ. ಅಬ್ಬಾ, ಆ ನಿನ್ನ ಚಿಕಿತ್ಸಕ ಬುದ್ಧಿ! ಲಾರಿಯದು ಬೇಡ, ಅಲೆಯ ಏಟಿಗೆ ಒಳಗಿನ ಪ್ಲೇಟು ಅಲುಗಿ ಉದುರುತ್ತವೆ. ಮುಚ್ಚಳ ಬಿಗಿಯಾಗಿರಬೇಕು, ದೋಣಿ ಕುಣಿದರೂ ಆಸಿಡ್ ಚೆಲ್ಲಬಾರದು — ಹೀಗೆ ಊರೆಲ್ಲ ತಿರುಗಿ ತಂದದ್ದು ಅದು. ಒಣ ಬ್ಯಾಟರಿಗೆ ನೀನೇ ಆಸಿಡ್ ಹುಯ್ದು, ಅದು ನೆನೆಯುವ ತನಕ ಕಾದು, ಆಮೇಲೆ ಬಹಳ ಕಡಿಮೆ ಕರೆಂಟಿನ ಮೇಲೆ ಹಚ್ಚಿದೆ. ನನ್ನ ಗಂಡ ಊರಿಗೆ ಹೋಗಿದ್ದರಿಂದ ಅಂಗಡಿ ನನ್ನ ಕೈಯಲ್ಲಿತ್ತು.

"ಅಕ್ಕಾ, ಇದು ಇದರ ಮೊದಲನೇ ಚಾರ್ಜ್. ಸಾವಕಾಶ ತುಂಬಬೇಕು, ನಡುವ ನಿಂದರಬಾರದು. ದಸರಾ ಮುಂಜಾನಿತನಾ ಇದನ್ನ ಬಂದ್ ಮಾಡಬ್ಯಾಡ, ನನ್ನಾಣಿ."

"ನನಗ ಕಲಸಾಕ ಬರತಿಯೇನೋ? ನಿನ್ನ ಸೊಂಟದ ಮ್ಯಾಲ ಹೊತ್ತು ಬೆಳಸೇನಿ, ಹೋಗು," ಎಂದು ನಕ್ಕಿದ್ದೆ.

ದಸರೆಯ ಹಿಂದಿನ ದಿನ ಖಂಡೇ ಪೂಜೆ. ನಮ್ಮ ಮನೆಯಲ್ಲಿ ಆವತ್ತು ಕತ್ತರಿಯನ್ನೂ ಮುಟ್ಟುವವರಲ್ಲ. ಅನ್ನ ಕೊಡುವ ಹತಾರಕ್ಕೆ ವರ್ಷದಲ್ಲಿ ಒಂದು ದಿನ ವಿಶ್ರಾಂತಿ. ಸ್ಪ್ಯಾನರು, ಇಕ್ಕಳ ಎಲ್ಲ ತೊಳೆದು, ವಿಭೂತಿ ಹಚ್ಚಿ ಸಾಲಾಗಿ ಇಟ್ಟೆ. ಆದರೆ ಚಾರ್ಜರ್ ಮೂಲೆಯಲ್ಲಿ ಗುಂಯ್ ಅನ್ನುತ್ತಲೇ ಇತ್ತು. ದುಡಿಯುತ್ತಿರುವುದಕ್ಕೆ ಹೂವು ಏರಿಸುವುದು ಹೇಗೆ? ಮನಸ್ಸು ಒಪ್ಪಲಿಲ್ಲ. ಮನೆಯ ಗಂಡಸು ಪ್ರಯಾಣದಲ್ಲಿದ್ದಾನೆ, ತಮ್ಮ ಸಮುದ್ರದ ಮೇಲೆ ಇರುವವನು — ನಿಮ್ಮ ಒಳ್ಳೆಯದಕ್ಕೇ, ಶಿವೂ, ನಿಮ್ಮ ಒಳ್ಳೆಯದಕ್ಕೇ ಎಂದುಕೊಂಡು ಸ್ವಿಚ್ ಆರಿಸಿದೆ. ಕುಂಕುಮ ಹಚ್ಚಿ ಹೋಳಿಗೆ ಎಡೆ ಹಿಡಿದೆ. ಮರುದಿನ ಎದ್ದು ಚಾರ್ಜರ್ ಮತ್ತೆ ಹಚ್ಚಿದೆ. ಬ್ಯಾಟರಿಯ ನೀರಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದವು. ತುಂಬಿರಬಹುದು ಅನ್ನಿಸಿತು, ಅಥವಾ ಹಾಗೆ ಅನ್ನಿಸಿಕೊಂಡೆ.

ಇಲ್ಲಿಯ ತನಕ ನನ್ನದು ತಿಳಿಗೇಡಿತನ. ಮುಂದಿನದಕ್ಕೆ ಆ ಹೆಸರಿಲ್ಲ.

ನೀನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ಸೇಠನ ಮನೆಯವರನ್ನೆಲ್ಲ ಆವತ್ತು ದೋಣಿಯಲ್ಲಿ ಕರೆದೊಯ್ಯಬೇಕಿತ್ತು. ಆಸಿಡ್ ಅಳೆಯುವ ಗಾಜಿನ ನಳಿಗೆಗೆ ಕೈ ಹಾಕಿದೆ. ಅಳೆದರೆ ಗೊತ್ತಾಗುತ್ತದೆ, ಬೈಯುತ್ತಾನೆ, ಅಕ್ಕನಿಗೆ ಬುದ್ಧಿ ಇಲ್ಲ ಅನ್ನುತ್ತಾನೆ — ಇಷ್ಟೇ, ಶಿವೂ. ಇಷ್ಟಕ್ಕೇ.

"ನಾ ನೋಡೇನಿ, ತುಂಬೈತಿ. ಅಕ್ಕನ ಮ್ಯಾಲ ಇಷ್ಟೂ ನಂಬಿಗಿ ಇಲ್ಲೇನು?"

ನೀನು ನಳಿಗೆಯನ್ನು ಮೊಳೆಗೆ ತೂಗುಹಾಕಿಬಿಟ್ಟೆ. "ನಿನ್ನ ಮಾತಿಗಿಂತ ಇದು ದೊಡ್ಡದೇನ ಬೇ?" ಎಂದು ನಕ್ಕು, ಬ್ಯಾಟರಿ ಹೆಗಲಿಗೆ ಏರಿಸಿದೆ. ಹೋಳಿಗೆ ತಿನ್ನುತ್ತಲೇ ಮೆಟ್ಟಿಲು ಇಳಿದೆ.

ಆಮೇಲಿನದು ನಿನಗೇ ಗೊತ್ತು. ಹೋಗುವಾಗ ಇಂಜಿನ್ ಎದ್ದಿತು. ಮಢದ ಕಡೆ ದಂಡೆಗೆ ನಿಲ್ಲಿಸಿ, ಅವರ ಊಟ ಮುಗಿದ ಮೇಲೆ ಮತ್ತೆ ಹಚ್ಚಿದರೆ ಕಟ್ ಕಟ್ ಅಂದು ಸುಮ್ಮನಾಯಿತು. ಏರಿಬಂದ ಭರತದ ನೀರು ದೋಣಿಯನ್ನು ಬಂಡೆಗೆ ಒಯ್ದು ಒಗೆಯಿತು. ಮೀನುಗಾರ ಕೋಳಿ ಜನ ತಮ್ಮ ದೋಣಿ ತಂದು ಎಲ್ಲರನ್ನೂ ಉಳಿಸಿದರು, ಸೇಠನ ದೋಣಿಯ ತಳ ಮಾತ್ರ ಸೀಳಿಹೋಯಿತು.

ಮರುದಿನ ಸೇಠ ನಿನ್ನನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದ. ಕೆಟ್ಟ ಮನುಷ್ಯನಲ್ಲ ಅವನು. ಕೈ ಮುಗಿದೇ ಕೇಳಿದ: "ಬೆಹೆನ್, ಸಚ್ ಬತಾವ್. ಚಾರ್ಜಿಂಗ್ ಮೇ ಗಲತಿ ಹೋ ತೋ ಲಡ್ಕೇ ಕಾ ಕಸೂರ್ ನಹೀ. ಮೈ ಇಸೇ ನಹೀ ನಿಕಾಲೂಂಗಾ."

ತಪ್ಪು ಚಾರ್ಜಿಂಗಿನದಾದರೆ ನಿನ್ನ ನೌಕರಿ ಉಳಿಯುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಿದ್ದ. ಒಂದೇ ಮಾತು ಸಾಕಿತ್ತು. ಆದರೆ ಚಾಳಿನವರೆಲ್ಲ ಹೊರಗೆ ನಿಂತು ನೋಡುತ್ತಿದ್ದರು. ಗಂಡ ಬಂದರೆ ಏನನ್ನುತ್ತಾನೋ, ಅಂಗಡಿಯ ಹೆಸರು ಹೋದರೆ — ಎಂದು ಲೆಕ್ಕ ಹಾಕುತ್ತ ನಿಂತೆ. ಅಷ್ಟರಲ್ಲಿ ನೀನು ಮುಂದೆ ಬಂದೆ.

"ನಮ್ಮಕ್ಕ ಝೂಠ್ ನಹೀ ಬೋಲ್ತಿ, ಸೇಠಜಿ. ಕಸೂರ್ ಮೇರಾ ಹೈ."

ಅಕ್ಕ ಸುಳ್ಳು ಹೇಳುವವಳಲ್ಲ, ತಪ್ಪು ತನ್ನದೇ ಎಂದು ನೀನು ಹೊತ್ತುಕೊಂಡೆ; ನಾನು ತಲೆ ತಗ್ಗಿಸಿದೆ. ಅದನ್ನೇ ಸೇಠ ಹೌದು ಎಂದು ತಿಳಿದ.

ನೌಕರಿ ಹೋಯಿತು. ಕಸ್ತೂರಿಯನ್ನು ಅವರಪ್ಪ ಸೊಲ್ಲಾಪುರದ ಕಡೆ ಕೊಟ್ಟ. ನೀನು ವಿಕ್ರೋಳಿಯ ಗೋದಾಮಿನಲ್ಲಿ ಚೀಲ ಹೊತ್ತೆ, ಬೆನ್ನು ಬಾಗುವ ತನಕ. ಬೇರೆ ಹೆಣ್ಣು ನೋಡಿದರೆ ಒಲ್ಲೆ ಅಂದೆ. ನಮ್ಮ ಮನೆಯಲ್ಲೇ ಉಳಿದೆ. ಬಂದವರ ಮುಂದೆಲ್ಲ "ಅಕ್ಕ ನನ್ನ ಕೈ ಬಿಡಲಿಲ್ಲ" ಅನ್ನುತ್ತೀಯ — ಅದನ್ನು ಕೇಳುತ್ತಲೂ ನಾನು ನಿಜ ಹೇಳುವುದಿಲ್ಲ. ಎಂಥ ಹೆಂಗಸು ನಾನು!

ಹೋದ ವಾರ ಗೋಡೆಯ ಗಡಿಯಾರ ನಿಂತಿತ್ತು. ಸೆಲ್ ಬದಲಿಸೋ ಎಂದರೆ ನೀನು ಕೈ ಹಿಂದಕ್ಕೆ ಎಳೆದುಕೊಂಡೆ. "ಬ್ಯಾಡಕ್ಕಾ, ನಾ ಮುಟ್ಟಿದ್ದು ಕೆಡತೈತಿ. ಬ್ಯಾರೇದವರಿಗೆ ಹೇಳು." ನಗುತ್ತಲೇ ಹೇಳಿದೆ. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಇನ್ನು ಸಾಧ್ಯವಿಲ್ಲ. ಪೇಟೆಯಿಂದ ನೀನು ಬಂದ ಕೂಡಲೇ ಇದನ್ನು ನಿನ್ನ ಎದುರು ಕೂತು ಓದುತ್ತೇನೆ. ಕೇಳಿದ ಮೇಲೆ ನೀನು ಗಂಟುಮೂಟೆ ಕಟ್ಟಿ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಇನ್ನು ಮುಂದೆ ನನ್ನನ್ನು ಅಕ್ಕಾ ಅನ್ನಬೇಕೋ ಬೇಡವೋ, ನೀನೇ ನೋಡು.