ಗೋಡೆಗೆ ಮುಖ ಮಾಡಿ ಉಣ್ಣುವ ಅತ್ತೆ

ಅಣ್ಣತಮ್ಮಂದಿರ ಜೊತೆ ಜಗಳವಾಡಿ ನನ್ನ ಗಂಡ ನಮ್ಮನ್ನು ಈ ಕಾಡಿಗೆ ಕರೆತಂದ. ಕಡಿಯುತ್ತಿದ್ದ ಮರ ಅವನ ಮೇಲೆಯೇ ಬಿತ್ತು. ಹೊಳೆ ತುಂಬಿ ದಾರಿ ಮುಚ್ಚಿತು. ಉಳಿದವರು ನಾನು, ಮಗಳು, ಅತ್ತೆ. ಅತ್ತೆಯ ಬಾಯಿಗೆ ಬಿಡುವಿಲ್ಲ. ನಾನು ಅಳುತ್ತ ಕೂತರೆ, "ಕಣ್ಣೀರಲ್ಲಿ ಒಲೆ ಉರಿಯುತ್ತೇನೇ? ಏಳು" ಎನ್ನುತ್ತಾಳೆ. ಕಾಡುಹಂದಿ ಬಂದರೆ ಅದಕ್ಕೂ ಬೈಗುಳ. ಅದು ಓಡಿಹೋಗುತ್ತದೆ, ನನಗೆ ಓಡಲು ಜಾಗವಿಲ್ಲ. ಬೇಯಿಸಿದ ಗೆಡ್ಡೆ ಹಂಚುವವಳೂ ಅವಳೇ. ನಮಗೆ ಬಡಿಸಿ, ತನ್ನ ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಕೂತು, ಬಾಯಿ ಚಪ್ಪರಿಸಿಕೊಂಡು ಉಣ್ಣುತ್ತಾಳೆ. "ದೊಡ್ಡದೆಲ್ಲ ಅಜ್ಜಿಗೇ ಕಣಮ್ಮ" ಎಂದು ಮಗಳು ಪಿಸುಗುಟ್ಟುತ್ತಾಳೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನೆ ನೀರು ಕೊಡಲು ಅವಳ ಮುಂದೆ ಹೋದೆ. ತಟ್ಟೆಯಲ್ಲಿ ಒಂದು ಚೂರು ಸಿಪ್ಪೆಯೂ ಇರಲಿಲ್ಲ. ಬರಿಬಾಯಿ ಅಗಿಯುತ್ತಿತ್ತು. ಚೆಂಬು ಕೆಳಗಿಟ್ಟು ಅವಳನ್ನೇ ನೋಡಿದೆ. "ಏನು ಪಿಳಿಪಿಳಿ ನೋಡ್ತೀಯಾ? ಮಗೂಗೆ ಗೊತ್ತಾದ್ರೆ ತಿನ್ನಲ್ಲ. ಹೋಗು, ನಿಂದು ಆರಿಹೋಗತ್ತೆ" ಅಂದಳು. ಇವತ್ತು ನನ್ನ ಪಾಲನ್ನು ಅವಳ ತಟ್ಟೆಗೆ ಹಾಕಿ, ಪಕ್ಕದಲ್ಲೇ ಗೋಡೆಗೆ ತಿರುಗಿ ಕೂತು, ಬರಿಬಾಯಿ ಚಪ್ಪರಿಸಿದೆ. ಅತ್ತೆ ಅದಕ್ಕೂ ಬೈದಳು: "ಬೆಂದ ಗೆಡ್ಡೆ ಅಷ್ಟು ಸದ್ದು ಮಾಡುತ್ತೇನೇ? ಮೆಲ್ಲಗೆ ಅಗಿ."